ಕ್ಯಾಲ್ಕುಲೇಟರ್ ಒಂದು ಹೇಳುತ್ತದೆ, ಟಿಕೆಟ್ ಇನ್ನೊಂದು: ಲಂಡನ್–ನ್ಯೂಯಾರ್ಕ್ ದೂರ ಎಷ್ಟು, ಹೊತ್ತು ಎಷ್ಟು?

ಓದುಗರ ಪ್ರಶ್ನೆ

"ಮಾರ್ಚ್ ಮೂರನೇ ವಾರ ತಾಯಿಯನ್ನು ಕರೆದುಕೊಂಡು ಲಂಡನ್‌ನಿಂದ ಷಿಕಾಗೋಗೆ ಹೋಗಬೇಕು. ನ್ಯೂಯಾರ್ಕ್‌ವರೆಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ ಏರ್‌ಲೈನ್‌ನ ಇನ್ನೊಂದು ಟಿಕೆಟ್ ಮಾಡಿದರೆ ದುಡ್ಡು ಉಳಿಯುತ್ತದೆ. ಮೊದಲನೆಯದು ಲಂಡನ್ನಿನ ಹೀಥ್ರೂ ನಿಲ್ದಾಣ ಬಿಡುವುದು 11:00ಕ್ಕೆ, ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣ ಸೇರುವುದು 15:10ಕ್ಕೆ. ಎರಡನೆಯದು ನ್ಯೂಯಾರ್ಕ್‌ನ ಇನ್ನೊಂದು ನಿಲ್ದಾಣ ಲಾಗಾರ್ಡಿಯಾದಿಂದ 17:25ಕ್ಕೆ. ಟಿಕೆಟ್‌ನಲ್ಲಿ ಪ್ರಯಾಣದ ಅವಧಿ 8 ಗಂಟೆ 10 ನಿಮಿಷ ಎಂದಿದೆ. ಎರಡೂ ಊರಿನ ನಡುವಿನ ಐದು ಗಂಟೆ ವ್ಯತ್ಯಾಸ ಸೇರಿಸಿದರೆ ನನ್ನ ಲೆಕ್ಕಕ್ಕೆ 9 ಗಂಟೆ 10 ನಿಮಿಷ ಬರುತ್ತದೆ. ಆನ್‌ಲೈನ್ ಕ್ಯಾಲ್ಕುಲೇಟರ್ 7 ಗಂಟೆ 24 ನಿಮಿಷ ಅನ್ನುತ್ತದೆ. ದೂರದ ಕಥೆಯೂ ಅಷ್ಟೇ: ಒಂದು ಕಡೆ 5,570, ಇನ್ನೊಂದು ಕಡೆ 5,540, ಮತ್ತೊಂದು ಕಡೆ 3,451, ಮಗದೊಂದು ಕಡೆ 3,000. ವಾಪಸ್ ಬರುವಾಗ ಮಾತ್ರ 7 ಗಂಟೆಯಂತೆ. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದರು. ಕ್ಯಾಲ್ಕುಲೇಟರ್ ಸರಿಯಿದ್ದರೆ ಮುಕ್ಕಾಲು ಗಂಟೆ ಮೊದಲೇ ಇಳಿದು, ಮುಂದಿನ ವಿಮಾನಕ್ಕೆ ಒಟ್ಟು ಮೂರು ಗಂಟೆ ಸಿಗುತ್ತದೆ. ತಾಯಿಗೆ ಮಂಡಿನೋವು, ಬಿರುಸಾಗಿ ನಡೆಯಲಾರರು. ಈ ಟಿಕೆಟ್ ಮಾಡಬಹುದೇ?"

ಉತ್ತರ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಮಾಡಬೇಡಿ. ಆ ಮೂರು ಗಂಟೆ ನಿಮ್ಮ ಕೈಗೆ ಸಿಗುವುದಿಲ್ಲ. ಟಿಕೆಟ್ ಪ್ರಕಾರ ಇರುವ ಎರಡೂಕಾಲು ಗಂಟೆಯೂ ಪೂರ್ತಿ ನಿಮ್ಮದಲ್ಲ. ಯಾಕೆಂದು ತಿಳಿಯಲು ನೀವು ಪಟ್ಟಿ ಮಾಡಿದ ಅಂಕಿಗಳನ್ನೇ ಒಂದೊಂದಾಗಿ ಬಿಡಿಸೋಣ. ಅವುಗಳಲ್ಲಿ ನಿಜವಾಗಿ ತಪ್ಪಾಗಿರುವುದು ಒಂದೇ, ನೀವು ಸೇರಿಸಿದ ಆ ಐದು ಗಂಟೆ. ಉಳಿದವೆಲ್ಲ ಸರಿಯೇ, ಆದರೆ ಪ್ರತಿಯೊಂದೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ.

ದೂರದ ನಾಲ್ಕು ಅಂಕಿಗಳು

5,570 ಕಿ.ಮೀ. ಎಂಬುದು ನಗರದ ನಡುಮಧ್ಯದಿಂದ ನಗರದ ನಡುಮಧ್ಯಕ್ಕೆ ಅಳೆದದ್ದು. ವಿಮಾನ ಅಲ್ಲಿಂದ ಏರುವುದೂ ಇಲ್ಲ, ಅಲ್ಲಿ ಇಳಿಯುವುದೂ ಇಲ್ಲ. ಹೀಥ್ರೂ ಇರುವುದು ಲಂಡನ್ನಿನ ಪಶ್ಚಿಮ ಅಂಚಿನಲ್ಲಿ, ಜೆಎಫ್‌ಕೆ ಇರುವುದು ಮ್ಯಾನ್‌ಹಾಟನ್‌ನ ಪೂರ್ವಕ್ಕೆ. ಎರಡೂ ಒಂದಕ್ಕೊಂದು ಎದುರು ಮುಖ ಮಾಡಿರುವ ಕಡೆಯೇ ಇರುವುದರಿಂದ ನಿಲ್ದಾಣದಿಂದ ನಿಲ್ದಾಣಕ್ಕೆ ದೂರ ಸ್ವಲ್ಪ ಕಡಿಮೆ.

5,540 ಎಂಬುದು ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ನುಣುಪಾದ ಚೆಂಡು ಎಂದುಕೊಂಡು ಮಾಡಿದ ಲೆಕ್ಕ. ಇದನ್ನು ನೀವೇ ಮಾಡಿ ನೋಡಬಹುದು. ಹೀಥ್ರೂ 51.47 ಡಿಗ್ರಿ ಉತ್ತರ, 0.45 ಪಶ್ಚಿಮ. ಜೆಎಫ್‌ಕೆ 40.64 ಉತ್ತರ, 73.78 ಪಶ್ಚಿಮ. ರೇಖಾಂಶಗಳ ವ್ಯತ್ಯಾಸ 73.33 ಡಿಗ್ರಿ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.7823 × 0.6513 = 0.5095. ಎರಡರ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶ ವ್ಯತ್ಯಾಸದ ಕೊಸೈನ್‌ನಿಂದಲೂ ಗುಣಿಸಿ: 0.6229 × 0.7588 × 0.2868 = 0.1356. ಕೂಡಿದರೆ 0.6451. ಇಷ್ಟು ಕೊಸೈನ್ ಇರುವ ಕೋನ 49.83 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿ ಎಂದರೆ 111.19 ಕಿ.ಮೀ. ಗುಣಿಸಿದರೆ 5,540. ಇಷ್ಟೇ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು, ಡಿಗ್ರಿ ಮೋಡ್‌ನಲ್ಲಿದೆಯೇ ಎಂದು ಮಾತ್ರ ನೋಡಿಕೊಳ್ಳಿ. ರೇಡಿಯನ್‌ನಲ್ಲಿದ್ದರೆ ತಲೆಬುಡವಿಲ್ಲದ ಉತ್ತರ ಬರುತ್ತದೆ.

ಆದರೆ ಭೂಮಿ ಪೂರ್ತಿ ಗುಂಡಗಿಲ್ಲ. ಸಮಭಾಜಕದ ತ್ರಿಜ್ಯ 6,378 ಕಿ.ಮೀ., ಧ್ರುವದ ತ್ರಿಜ್ಯ 6,357. ಈ ಚಪ್ಪಟೆತನವನ್ನು ಲೆಕ್ಕಕ್ಕೆ ಹಿಡಿದರೆ ಇದೇ ದೂರ ಸುಮಾರು 5,555 ಕಿ.ಮೀ. ಆಗುತ್ತದೆ. ಅದನ್ನೇ ಸಾಮಾನ್ಯ ಮೈಲಿಯಲ್ಲಿ ಹೇಳಿದರೆ 3,451, ನಾಟಿಕಲ್ ಮೈಲಿಯಲ್ಲಿ ಹೇಳಿದರೆ 3,000. ನಾಟಿಕಲ್ ಮೈಲಿ 1.852 ಕಿ.ಮೀ., ಸಾಮಾನ್ಯ ಮೈಲಿ 1.609 ಕಿ.ಮೀ. ವಿಮಾನಯಾನದ ದಾಖಲೆಗಳಲ್ಲಿ ಬರೀ 'ಮೈಲಿ' ಎಂದಿದ್ದರೆ ಅದು ನಾಟಿಕಲ್ಲೋ ಸಾಮಾನ್ಯವೋ ಎಂದು ಮೊದಲು ನೋಡಿಕೊಳ್ಳಿ. ಈ ಎರಡನ್ನು ಕಲಸಿಕೊಂಡರೆ ಲೆಕ್ಕ ಶೇ. 15ರಷ್ಟು ಜಾರುತ್ತದೆ. ಚೆಂಡೋ ಚಪ್ಪಟೆಯೋ ಎಂಬ ವ್ಯತ್ಯಾಸಕ್ಕಿಂತ ಇದು ಎಷ್ಟೋ ಪಟ್ಟು ದೊಡ್ಡದು.

ಅಷ್ಟು ಎತ್ತರದಲ್ಲಿ ಹಾರಿದರೆ ದಾರಿ ಉದ್ದವಾಗುವುದಿಲ್ಲವೇ ಎಂದು ಕೇಳುವವರೂ ಇದ್ದಾರೆ. ಆಗುತ್ತದೆ. 11 ಕಿ.ಮೀ. ಎತ್ತರಕ್ಕೆ ಶೇ. 0.17, ಅಂದರೆ ಈ ಇಡೀ ಪ್ರಯಾಣಕ್ಕೆ ಸುಮಾರು ಹತ್ತು ಕಿಲೋಮೀಟರ್. ಮರೆತುಬಿಡಬಹುದು.

ಹಾರುವ ದಾರಿ

ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಲಂಡನ್ನಿಗೂ ನ್ಯೂಯಾರ್ಕಿಗೂ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ನೇರ ದಾರಿಯಂತೆ ಕಾಣುತ್ತದೆ. ಆ ಗೆರೆಯ ಮೇಲೆಯೇ ಹಾರಿದರೆ ಸುಮಾರು 5,800 ಕಿ.ಮೀ., ಅಂದರೆ ಇನ್ನೂರಕ್ಕೂ ಹೆಚ್ಚು ಕಿ.ಮೀ. ವೃಥಾ ಸುತ್ತು. ನಂಬಿಕೆ ಬಾರದಿದ್ದರೆ ಗೋಳದ ಮೇಲೆ ಎರಡೂ ಊರುಗಳ ನಡುವೆ ಒಂದು ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಮೊದಲು ಉತ್ತರದ ಕಡೆ ವಾಲಿ ಐರ್ಲೆಂಡ್ ದಾಟಿ, ಸಮುದ್ರದ ಮೇಲೆ 53–54 ಡಿಗ್ರಿಯವರೆಗೂ ಏರಿ, ಆಮೇಲೆ ನ್ಯೂಫೌಂಡ್‌ಲ್ಯಾಂಡ್ ಕಡೆಗೆ ಇಳಿಯುತ್ತದೆ. ನ್ಯೂಯಾರ್ಕ್ ಇರುವುದು ಲಂಡನ್ನಿಗಿಂತ ಸುಮಾರು 11 ಡಿಗ್ರಿ ದಕ್ಷಿಣಕ್ಕೆ, ಆದರೂ ವಿಮಾನ ಮೂತಿ ಮಾಡುವುದು ಉತ್ತರಕ್ಕೆ ವಾಲಿದ ಪಶ್ಚಿಮಕ್ಕೆ. ಇದೇ ಮಹಾವೃತ್ತದ ದಾರಿ. ಚೆಂಡಿನ ಮೇಲೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ನೆಲ ಹತ್ತಿರ ಇರಲಿ ಎಂದು ಭಯಪಟ್ಟು ಉತ್ತರಕ್ಕೆ ಸುತ್ತಿ ಹೋಗುತ್ತಾರೆ ಎಂಬ ಮಾತು ಈ ಬಾಗನ್ನು ತಪ್ಪಾಗಿ ಓದಿದ್ದರ ಫಲ.

ಹಾಗೆಂದು ವಿಮಾನ ಆ ದಾರದ ಮೇಲೆಯೇ ಹಾರುವುದೂ ಇಲ್ಲ. ಉತ್ತರ ಅಟ್ಲಾಂಟಿಕ್‌ನಲ್ಲಿ ದಿನಕ್ಕೆ ಎರಡು ಸಲ ಹೊಸದಾಗಿ ದಾರಿಗಳನ್ನು ಹಾಕುತ್ತಾರೆ. ಹಗಲಿನಲ್ಲಿ ಪಶ್ಚಿಮಕ್ಕೆ ಹೋಗುವವುಗಳಿಗೆ ಬ್ರಿಟನ್–ಐರ್ಲೆಂಡ್ ಕಡೆಯ ಶಾನ್‌ವಿಕ್ ವಿಮಾನ ಸಂಚಾರ ನಿಯಂತ್ರಣ ಕೇಂದ್ರ, ರಾತ್ರಿ ಪೂರ್ವಕ್ಕೆ ಬರುವವುಗಳಿಗೆ ಕೆನಡಾದ ಗ್ಯಾಂಡರ್ ಕೇಂದ್ರ. ಆ ದಿನದ ಗಾಳಿ ನೋಡಿ ಹಾಕಿದ ದಾರಿಗಳಿವು, ನಿನ್ನೆಯದು ಇಂದಿಗೆ ಇರುವುದಿಲ್ಲ. ಎದುರುಗಾಳಿ ಜೋರಾಗಿರುವ ದಿನ ಪಶ್ಚಿಮಕ್ಕೆ ಹೋಗುವ ವಿಮಾನ ಗ್ರೀನ್‌ಲ್ಯಾಂಡ್‌ನ ದಕ್ಷಿಣ ತುದಿಯವರೆಗೂ ಹೋಗಿ ಗಾಳಿಯ ಪಟ್ಟೆಯನ್ನು ತಪ್ಪಿಸಿಕೊಳ್ಳಬಹುದು. ನೂರಾರು ಕಿ.ಮೀ. ಹೆಚ್ಚು ಹಾರಿಯೂ ಬೇಗ ತಲುಪುವುದುಂಟು. ಫ್ಲೈಟ್ ಪ್ಲಾನ್ ಹಾಕುವವರು ಹುಡುಕುವುದು ಕಡಿಮೆ ದೂರವನ್ನಲ್ಲ, ಕಡಿಮೆ ಹೊತ್ತು ಮತ್ತು ಕಡಿಮೆ ಇಂಧನವನ್ನು. ಇದರ ಮೇಲೆ ಏರುವಾಗ, ಇಳಿಯುವಾಗ ರನ್‌ವೇ ದಿಕ್ಕಿಗೆ ತಕ್ಕಂತೆ ಹಾಕುವ ಸುತ್ತು ಬೇರೆ. ಎಲ್ಲ ಸೇರಿ ಮಹಾವೃತ್ತದ ದೂರಕ್ಕೆ ಶೇ. 4ರಷ್ಟು ಸೇರಿಸಿಕೊಂಡರೆ ಮನೆಯಲ್ಲಿ ಕೂತು ಹಾಕುವ ಲೆಕ್ಕಕ್ಕೆ ಸಾಕು.

ಆಕಾಶ ಮುಚ್ಚಿದರೆ ಮಾತ್ರ ಈ ಶೇ. 4 ಯಾವ ಮೂಲೆಗೂ ಸಾಲದು. 2022ರಲ್ಲಿ ರಷ್ಯಾದ ವಾಯುಮಾರ್ಗ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೋ ವಿಮಾನಗಳು ಉತ್ತರ ಧ್ರುವದ ಮೇಲಿನಿಂದಲೋ ದಕ್ಷಿಣದಿಂದಲೋ ಸುತ್ತಬೇಕಾಯಿತು. ಒಂಬತ್ತೂವರೆ ಗಂಟೆಯ ಪ್ರಯಾಣ ಸುಮಾರು 13 ಗಂಟೆಯಾಯಿತು. ದೂರ ತೋರಿಸುವ ಜಾಲತಾಣಗಳಲ್ಲಿ ಆ ಎರಡು ಊರುಗಳ ನಡುವಿನ ಅಂಕಿ ಮಾತ್ರ ಒಂದು ಕಿಲೋಮೀಟರೂ ಬದಲಾಗಲಿಲ್ಲ. ನಿಮ್ಮ ಮಾರ್ಗಕ್ಕೆ ಆ ತೊಂದರೆ ಇಲ್ಲ.

ಗಾಳಿ

ಈಗ ನಿಮ್ಮ ಸ್ನೇಹಿತರ ಮಾತಿಗೆ ಬರೋಣ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ಲಂಡನ್ನಿನ ಅಕ್ಷಾಂಶದಲ್ಲಿ ನೆಲದ ವೇಗ ಗಂಟೆಗೆ ಸುಮಾರು 1,040 ಕಿ.ಮೀ. ವಿಮಾನ ಮೇಲೇರಿದ ಮೇಲೆ ಕೆಳಗಿನ ನೆಲ ಮಾತ್ರ ತಿರುಗುತ್ತಿದ್ದರೆ ನ್ಯೂಯಾರ್ಕ್ ತಾನೇ ವಿಮಾನದ ಕಡೆಗೆ ಓಡಿ ಬರಬೇಕಿತ್ತು. ಆಗ ಹೋಗುವ ಪ್ರಯಾಣ ಬೇಗ ಮುಗಿದು, ಬರುವುದು ತಡವಾಗಬೇಕಿತ್ತು. ನಡೆಯುವುದು ಅದಕ್ಕೆ ಪೂರ್ತಿ ಉಲ್ಟಾ. ಗಾಳಿಯೂ ನೆಲದ ಜೊತೆಗೇ ತಿರುಗುತ್ತದೆ, ಆದ್ದರಿಂದ ತಿರುಗುವಿಕೆಯಿಂದ ನೇರವಾಗಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದರ ಕೈವಾಡ ಇರುವುದು ಪರೋಕ್ಷವಾಗಿ: ಧ್ರುವದ ತಂಪು ಗಾಳಿಗೂ ದಕ್ಷಿಣದ ಬೆಚ್ಚಗಿನ ಗಾಳಿಗೂ ಇರುವ ಉಷ್ಣತೆಯ ಅಂತರ ಮತ್ತು ಭೂಮಿಯ ತಿರುಗುವಿಕೆ ಕೂಡಿ, ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಯನ್ನು ಹುಟ್ಟಿಸುತ್ತವೆ. ಅದೇ ಜೆಟ್ ಸ್ಟ್ರೀಮ್. ಗಂಟೆಗೆ 150–200 ಕಿ.ಮೀ. ವೇಗ ಮಾಮೂಲು, ಕೆಲವೊಮ್ಮೆ 300 ದಾಟುತ್ತದೆ. ಚಳಿಗಾಲದಲ್ಲಿ ಉಷ್ಣತೆಯ ಅಂತರ ಹೆಚ್ಚು, ಹಾಗಾಗಿ ಹೊಳೆಯ ಸೆಳೆತವೂ ಹೆಚ್ಚು. ನೀವು ಹೊರಡುವ ಮಾರ್ಚ್‌ನಲ್ಲಿ ಅದರ ಬಿರುಸು ಇನ್ನೂ ಇಳಿದಿರುವುದಿಲ್ಲ.

2020ರ ಫೆಬ್ರವರಿಯಲ್ಲಿ ಸಿಯಾರಾ ಚಂಡಮಾರುತದ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ವಿಮಾನ ನ್ಯೂಯಾರ್ಕ್‌ನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂತು. ನೆಲಕ್ಕೆ ಹೋಲಿಸಿದ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದದ ವೇಗ ಮೀರಿತು ಎಂದು ಆಗ ಸುದ್ದಿಯಾಯಿತು. ಮೀರಿರಲಿಲ್ಲ. ವಿಮಾನದ ರೆಕ್ಕೆಗೆ ಗೊತ್ತಿರುವುದು ತನ್ನ ಸುತ್ತಲಿನ ಗಾಳಿಯ ಮಟ್ಟಿಗಿನ ವೇಗ ಮಾತ್ರ, ಅದು ಎಂದಿನಷ್ಟೇ ಇತ್ತು. ಗಾಳಿಯೇ ವಿಮಾನವನ್ನು ಹೊತ್ತು ಓಡುತ್ತಿತ್ತು, ಅಷ್ಟೇ. ನಿಜವಾಗಿ ಶಬ್ದವನ್ನು ಹಿಂದಿಕ್ಕಿ ಹಾರುತ್ತಿದ್ದದ್ದು ಕಾಂಕಾರ್ಡ್. 1996ರ ಫೆಬ್ರವರಿಯಲ್ಲಿ ಅದು ಇದೇ ದೂರವನ್ನು 2 ಗಂಟೆ 53 ನಿಮಿಷದೊಳಗೆ ಮುಗಿಸಿತ್ತು.

ಹೋಗುವಾಗ ಕಳೆದುಕೊಂಡ ಹೊತ್ತು ಬರುವಾಗ ಸರಿಹೋಗುತ್ತದೆ ಎಂಬುದೂ ನಿಜವಲ್ಲ. 5,400 ಕಿ.ಮೀ. ದಾರಿ, ವಿಮಾನದ ವೇಗ 900 ಎಂದಿಟ್ಟುಕೊಳ್ಳಿ. ಗಾಳಿ ಇಲ್ಲದಿದ್ದರೆ ಹೋಗಲು ಆರು, ಬರಲು ಆರು, ಒಟ್ಟು 12 ಗಂಟೆ. ಗಂಟೆಗೆ 100 ಕಿ.ಮೀ. ಗಾಳಿ ಬೀಸಿದರೆ ಹೋಗಲು 6 ಗಂಟೆ 45 ನಿಮಿಷ, ಬರಲು 5 ಗಂಟೆ 24 ನಿಮಿಷ. ಒಟ್ಟು 12 ಗಂಟೆ 9 ನಿಮಿಷ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತೇವೆ, ಅದಕ್ಕೇ ಅದರ ಪೆಟ್ಟು ಯಾವಾಗಲೂ ಜಾಸ್ತಿ.

ತಡವಾದರೆ ಪೈಲಟ್ ವೇಗ ಹೆಚ್ಚಿಸಿ ಸರಿಮಾಡುತ್ತಾರೆ ಎಂದೂ ನೆಚ್ಚಿಕೊಳ್ಳಬೇಡಿ. 777, 787, ಎ350 ತರಹದ ವಿಮಾನಗಳು ಹಾರುವುದು ಶಬ್ದದ ವೇಗದ ಶೇ. 85ರ ಆಸುಪಾಸಿನಲ್ಲಿ. ಆ ಎತ್ತರದ ಮೈನಸ್ 56 ಡಿಗ್ರಿ ಚಳಿಯಲ್ಲಿ ಅದು ಗಂಟೆಗೆ ಸುಮಾರು 900 ಕಿ.ಮೀ. ಅದನ್ನು ಶೇ. 86ಕ್ಕೆ ಏರಿಸಿದರೆ ಇಡೀ ಅಟ್ಲಾಂಟಿಕ್ ದಾಟುವಷ್ಟರಲ್ಲಿ ಉಳಿಯುವುದು ನಾಲ್ಕೈದು ನಿಮಿಷ, ಅದಕ್ಕೆ ಉರಿಯುವ ಇಂಧನ ಮಾತ್ರ ಗಣನೀಯ.

ಹೊತ್ತಿನ ಮೂರು ಅಂಕಿಗಳು

ಮೊದಲು ನಿಮ್ಮ 9 ಗಂಟೆ 10 ನಿಮಿಷ. ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದು ಮಾರ್ಚ್‌ನ ಎರಡನೇ ಭಾನುವಾರ. ಬ್ರಿಟನ್ ತಿರುಗಿಸುವುದು ಕೊನೆಯ ಭಾನುವಾರ. ನಡುವಿನ ಎರಡು-ಮೂರು ವಾರ ಲಂಡನ್–ನ್ಯೂಯಾರ್ಕ್ ವ್ಯತ್ಯಾಸ ಐದಲ್ಲ, ನಾಲ್ಕೇ ಗಂಟೆ. ನಿಮ್ಮ ಪ್ರಯಾಣ ಸರಿಯಾಗಿ ಆ ಸಂದಿಯಲ್ಲಿ ಬಿದ್ದಿದೆ. ಶರತ್ಕಾಲದಲ್ಲೂ ಅಕ್ಟೋಬರ್ ಕೊನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಒಂದು ವಾರ ಹೀಗೆಯೇ. ಗೊಂದಲವಾಗದಿರಲು ಎರಡೂ ಸಮಯವನ್ನು ಯುಟಿಸಿಗೆ, ಅಂದರೆ ಇಡೀ ಜಗತ್ತಿಗೆ ಒಂದೇ ಆಗಿರುವ ಪ್ರಮಾಣಿತ ಸಮಯಕ್ಕೆ ತನ್ನಿ. ಲಂಡನ್ 11:00 ಎಂದರೆ ಆ ವಾರ ಯುಟಿಸಿಯೂ 11:00. ನ್ಯೂಯಾರ್ಕ್ 15:10ಕ್ಕೆ ನಾಲ್ಕು ಕೂಡಿಸಿದರೆ 19:10. ಕಳೆದರೆ 8 ಗಂಟೆ 10 ನಿಮಿಷ. ಟಿಕೆಟ್ ಸರಿಯಾಗಿದೆ. ವಾಪಸ್ ಟಿಕೆಟ್ ಮಾರ್ಚ್ ಕೊನೆಯ ಭಾನುವಾರದ ಆಚೆಗಿದ್ದರೆ ಅದಕ್ಕೆ ಮತ್ತೆ ಐದು ಗಂಟೆ ಹಿಡಿಯಬೇಕು.

ಕ್ಯಾಲ್ಕುಲೇಟರಿನ 7 ಗಂಟೆ 24 ನಿಮಿಷ ಹೇಗೆ ಬಂತು ಎಂದು ಕಂಡುಹಿಡಿಯುವುದು ಸುಲಭ. 3,451 ಮೈಲಿಯನ್ನು ಗಂಟೆಗೆ 500 ಮೈಲಿಯಿಂದ ಭಾಗಿಸಿದರೆ 6 ಗಂಟೆ 54 ನಿಮಿಷ. ಏರುವುದು-ಇಳಿಯುವುದಕ್ಕೆಂದು ಅರ್ಧ ಗಂಟೆ ಸೇರಿಸಿದರೆ 7:24. ಇಂಥ ಬಹುತೇಕ ಸಾಧನಗಳ ಒಳಗಿರುವುದು ಇಷ್ಟೇ. ಅದರಲ್ಲಿ ಊರುಗಳನ್ನು ಅದಲುಬದಲು ಮಾಡಿ ನೋಡಿ, ಬರುವ ಪ್ರಯಾಣಕ್ಕೂ 7:24 ಎಂದೇ ತೋರಿಸುತ್ತದೆ. ಎರಡೂ ದಿಕ್ಕಿಗೆ ಒಂದೇ ಹೊತ್ತು ಹೇಳುವ ಸಾಧನಕ್ಕೆ ಗಾಳಿಯ ಗಂಧವೇ ಇಲ್ಲ ಎಂದರ್ಥ. ಯಾವುದೋ ಎರಡು ಊರುಗಳ ಪ್ರಯಾಣ ಎರಡು ಗಂಟೆಯೋ ಹತ್ತು ಗಂಟೆಯೋ ಎಂದು ಅಂದಾಜಿಸಲು ಅದು ಸಾಕು. ಕನೆಕ್ಷನ್ ನಿರ್ಧರಿಸಲು ಅದನ್ನು ಮುಟ್ಟಬಾರದು.

ಸ್ವಲ್ಪ ಒಳ್ಳೆಯ ಅಂದಾಜು ಹೀಗೆ ಮಾಡಬಹುದು. 5,555ಕ್ಕೆ ಶೇ. 4 ಸೇರಿಸಿ, ಸುಮಾರು 5,780 ಕಿ.ಮೀ. ಪಶ್ಚಿಮಕ್ಕೆ ಹೋಗುವಾಗ 900ರಲ್ಲಿ ಗಾಳಿಯ ಸರಾಸರಿ ಅಡ್ಡಿ 90 ಕಳೆಯಿರಿ, 810. ಭಾಗಿಸಿದರೆ 7 ಗಂಟೆ 8 ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆ ಇರುವುದಕ್ಕೆ 15 ನಿಮಿಷ. ಎರಡೂ ಕಡೆ ನೆಲದ ಮೇಲೆ ಉರುಳುವುದಕ್ಕೆ, ಅಂದರೆ ಟ್ಯಾಕ್ಸಿಗೆ 35 ನಿಮಿಷ. ಒಟ್ಟು 7:58. ಪೂರ್ವಕ್ಕೆ ಬರುವಾಗ 900ಕ್ಕೆ 110 ಸೇರಿಸಿ, 5 ಗಂಟೆ 43 ನಿಮಿಷ. ಜೊತೆಗೆ 15, ಮತ್ತು ಸಂಜೆ ಜೆಎಫ್‌ಕೆಯ ಸಾಲಿಗಾಗಿ ತುಸು ಹೆಚ್ಚು ಹಿಡಿದು 40. ಒಟ್ಟು 6:38. ಟಿಕೆಟ್‌ನ 8:10 ಮತ್ತು 7 ಗಂಟೆಗಳು ಇವುಗಳಿಗಿಂತ ಸ್ವಲ್ಪ ಮೇಲಿವೆ. ಆ ಉಳಿಕೆಯೇ ಏರ್‌ಲೈನ್ ಇಟ್ಟುಕೊಂಡ ಅಂಚು.

ಟಿಕೆಟ್‌ನಲ್ಲಿರುವ ಅವಧಿ ಹಾರಾಟದ ಹೊತ್ತಲ್ಲ. ಅದು ಗೇಟ್‌ನಿಂದ ಗೇಟ್‌ಗೆ, ಉದ್ಯಮದ ಮಾತಿನಲ್ಲಿ ಬ್ಲಾಕ್ ಟೈಮ್. 11:00 ಎಂದರೆ ವಿಮಾನ ನೆಲ ಬಿಡುವ ಹೊತ್ತಲ್ಲ, ಬಾಗಿಲು ಹಾಕಿ ಗೇಟ್‌ನಿಂದ ಹಿಂದಕ್ಕೆ ಸರಿಯುವ ಹೊತ್ತು. 15:10 ಎಂದರೆ ಚಕ್ರ ನೆಲ ಮುಟ್ಟುವ ಹೊತ್ತಲ್ಲ, ಗೇಟ್‌ನಲ್ಲಿ ನಿಲ್ಲುವ ಹೊತ್ತು. ಅದೇ ಹಾರಾಟ ಹಿಂದಿನ ವರ್ಷಗಳ ಅದೇ ಋತುವಿನಲ್ಲಿ ಎಷ್ಟೆಷ್ಟು ಹೊತ್ತು ತೆಗೆದುಕೊಂಡಿತು ಎಂದು ನೋಡಿ ಏರ್‌ಲೈನ್‌ಗಳು ಈ ಅಂಕಿಯನ್ನು ಇಡುತ್ತವೆ. ಆದ್ದರಿಂದ ಎಷ್ಟೋ ದಿನ ವಿಮಾನ ಇಪ್ಪತ್ತು-ಮೂವತ್ತು ನಿಮಿಷ ಮೊದಲೇ ಇಳಿಯುವುದು ನಿಜ. ನಿಮ್ಮ ಊಹೆಯಲ್ಲಿ ಅಷ್ಟರ ಮಟ್ಟಿಗೆ ಹುರುಳಿದೆ. ಆದರೆ ಮೊದಲೇ ಇಳಿದ ವಿಮಾನಕ್ಕೆ ಗೇಟ್ ಖಾಲಿ ಇರದೆ ಟ್ಯಾಕ್ಸಿವೇಯಲ್ಲಿ ಕಾಯುವುದೂ ಅಷ್ಟೇ ಮಾಮೂಲು. ಇನ್ನೊಂದು ಕಡೆ, 14 ನಿಮಿಷ ತಡವಾಗಿ ಬಂದ ವಿಮಾನವೂ ಅಮೆರಿಕದ ಅಧಿಕೃತ ಲೆಕ್ಕದಲ್ಲಿ 'ಸಮಯಕ್ಕೆ ಸರಿಯಾಗಿ' ಬಂದದ್ದೇ. 15 ನಿಮಿಷ ಆದಮೇಲೆಯೇ ಅದನ್ನು ತಡ ಅನ್ನುವುದು.

ನಿಮ್ಮ ವಿಮಾನದ ನಿಜಸ್ಥಿತಿ ಬೇಕಿದ್ದರೆ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್ ಎಂಬ, ವಿಮಾನಗಳ ಜಾಡು ತೋರಿಸುವ ಜಾಲತಾಣದಲ್ಲಿ ಆ ಫ್ಲೈಟ್ ನಂಬರ್ ಹಾಕಿ, ಹಿಂದಿನ ದಿನಗಳಲ್ಲಿ ಅದು ಯಾವಾಗ ತಲುಪಿತು ಎಂಬುದನ್ನು ಬರೆದುಕೊಳ್ಳಿ. ಸರಾಸರಿ ತೆಗೆಯಬೇಡಿ. ಅತಿ ತಡವಾದ ಎರಡು-ಮೂರು ದಿನಗಳನ್ನು ನೋಡಿ, ಆ ದಿನ ನೀವು ಅದರಲ್ಲಿದ್ದಿದ್ದರೆ ಮುಂದಿನ ವಿಮಾನ ಸಿಗುತ್ತಿತ್ತೇ ಎಂದು ಕೇಳಿಕೊಳ್ಳಿ.

15:10ರಿಂದ 17:25ರವರೆಗೆ

ಇನ್ನು ನಿಮ್ಮ ಎರಡೂಕಾಲು ಗಂಟೆ. ಲಾಗಾರ್ಡಿಯಾ ವಿಮಾನಕ್ಕೆ ಬ್ಯಾಗ್ ಕೊಡಲು ಕೊನೆಯ ಗಡುವು ಸಾಮಾನ್ಯವಾಗಿ 45 ನಿಮಿಷ ಮೊದಲು, ಅಂದರೆ 16:40. ಅಲ್ಲಿಗೆ ಉಳಿದದ್ದು ಒಂದೂವರೆ ಗಂಟೆ. ಬ್ಯಾಗ್ ಇಲ್ಲದಿದ್ದರೂ ವಿಮಾನ ಹತ್ತುವ ಬಾಗಿಲು ಹೊರಡುವ 15 ನಿಮಿಷ ಮೊದಲೇ ಮುಚ್ಚುತ್ತದೆ, ಅದಕ್ಕೆ ಮುಂಚೆ ಸೆಕ್ಯುರಿಟಿ ಸಾಲು ಬೇರೆ.

ಆ ಒಂದೂವರೆ ಗಂಟೆಯಲ್ಲಿ ವಿಮಾನದಿಂದ ಇಳಿಯಬೇಕು. ತಾಯಿಗೆ ಗಾಲಿಕುರ್ಚಿ ಕೇಳಿದ್ದರೆ ಸಾಮಾನ್ಯವಾಗಿ ಎಲ್ಲರೂ ಇಳಿದ ಮೇಲೆ ಕೊನೆಯಲ್ಲಿ ಇಳಿಸುತ್ತಾರೆ, ಇಪ್ಪತ್ತು ನಿಮಿಷ ಅಲ್ಲೇ ಹೋಗುತ್ತದೆ. (ಹಾಗೆಂದು ಕೇಳದೆ ಇರಬೇಡಿ. ಕನಿಷ್ಠ 48 ಗಂಟೆ ಮೊದಲು ಏರ್‌ಲೈನ್‌ಗೆ ತಿಳಿಸಿ. ಜೆಎಫ್‌ಕೆಯ ಕಾರಿಡಾರ್‌ಗಳು ಮಂಡಿನೋವಿದ್ದವರಿಗೆ ಹೇಳಿ ಮಾಡಿಸಿದವಲ್ಲ.) ಆಮೇಲೆ ಇಮಿಗ್ರೇಷನ್. ಮಧ್ಯಾಹ್ನದ ಆ ಹೊತ್ತಿನಲ್ಲಿ ಯೂರೋಪಿನ ಹಲವು ವಿಮಾನಗಳು ಒಟ್ಟಿಗೆ ಇಳಿಯುತ್ತವೆ. ಅರ್ಧ ಗಂಟೆಯಲ್ಲೂ ಆಗಬಹುದು, ಒಂದೂವರೆ ಗಂಟೆಯೂ ಹಿಡಿಯಬಹುದು. ನಂತರ ಬೆಲ್ಟ್‌ನಿಂದ ಬ್ಯಾಗ್ ತೆಗೆದು ಕಸ್ಟಮ್ಸ್ ದಾಟಬೇಕು. ಅಲ್ಲಿಂದ ರಸ್ತೆ.

ಟಿಕೆಟ್ ಹುಡುಕುವಾಗ 'ನ್ಯೂಯಾರ್ಕ್' ಎಂಬ ಒಂದೇ ಹೆಸರಿನಡಿ ಜೆಎಫ್‌ಕೆ, ಲಾಗಾರ್ಡಿಯಾ, ನೆವಾರ್ಕ್ ಮೂರೂ ಬರುತ್ತವೆ. 'ಲಂಡನ್' ಎಂದರೂ ಹಾಗೆಯೇ, ಹೀಥ್ರೂ, ಗ್ಯಾಟ್‌ವಿಕ್, ಸ್ಟ್ಯಾನ್‌ಸ್ಟೆಡ್ ಮತ್ತಿತರ. ಜೆಎಫ್‌ಕೆಯಿಂದ ಲಾಗಾರ್ಡಿಯಾ ನೇರ ಗೆರೆಯಲ್ಲಿ 17 ಕಿ.ಮೀ. ಸುಮಾರು. ಅಟ್ಲಾಂಟಿಕ್‌ನ ಮೇಲೆ ಅದು ಒಂದು ನಿಮಿಷದ ಚಿಲ್ಲರೆ ದಾರಿ. ವ್ಯಾನ್ ವಿಕ್ ಎಕ್ಸ್‌ಪ್ರೆಸ್‌ವೇಯ ಮೇಲೆ ಸಂಜೆ ನಾಲ್ಕು ಗಂಟೆಗೆ ಅದು ಅರ್ಧ ಗಂಟೆಯಿಂದ ಒಂದು ಗಂಟೆ, ಕೆಲವು ದಿನ ಅದಕ್ಕೂ ಮೇಲೆ. ಎಲ್ಲವೂ ಸುಸೂತ್ರವಾಗಿ ನಡೆದರೆ 16:40ಕ್ಕೆ ನೀವು ಬ್ಯಾಗ್ ಕೌಂಟರ್ ಮುಂದೆ ನಿಲ್ಲಬಹುದು. ಒಂದೇ ಒಂದು ಕೊಂಡಿ ಹದಿನೈದು ನಿಮಿಷ ಜಾರಿದರೂ ವಿಮಾನ ಹೋಯಿತು.

ಹೋದರೆ ಏನಾಗುತ್ತದೆ? ಟಿಕೆಟ್‌ಗಳು ಬೇರೆ ಬೇರೆ ಆದ್ದರಿಂದ ಎರಡನೇ ಏರ್‌ಲೈನ್‌ನ ಕಣ್ಣಿಗೆ ನೀವು ಬರದೆ ಉಳಿದ ಪ್ರಯಾಣಿಕರು. ಅದು ಹೋಗಿಬರುವ ಟಿಕೆಟ್ ಆಗಿದ್ದರೆ ಮೊದಲ ಭಾಗ ತಪ್ಪಿದ್ದಕ್ಕೆ ವಾಪಸ್ ಭಾಗವೂ ಸಾಮಾನ್ಯವಾಗಿ ರದ್ದಾಗುತ್ತದೆ. ಉಳಿಸಿದ ದುಡ್ಡಿಗಿಂತ ಹೆಚ್ಚು ಕೊಟ್ಟು ಆ ಸಂಜೆಯೇ ಹೊಸ ಟಿಕೆಟ್ ತೆಗೆದುಕೊಳ್ಳಬೇಕಾಗುತ್ತದೆ.

ಬೇರೆ ದಾರಿಗಳು

ನನ್ನ ಮೊದಲ ಆಯ್ಕೆ ಲಂಡನ್–ಷಿಕಾಗೋ ನಾನ್‌ಸ್ಟಾಪ್. ಮಹಾವೃತ್ತದ ದೂರ ಸುಮಾರು 6,350 ಕಿ.ಮೀ., ಗೇಟ್‌ನಿಂದ ಗೇಟ್‌ಗೆ ಒಂಬತ್ತು ಗಂಟೆಯ ಆಸುಪಾಸು. ನ್ಯೂಯಾರ್ಕ್ ಮೂಲಕ ಹೋದರೆ ದೂರವೇ ಸುಮಾರು 400 ಕಿ.ಮೀ. ಹೆಚ್ಚು, ಹೊತ್ತು ನಾಲ್ಕೈದು ಗಂಟೆ ಹೆಚ್ಚು. ಬೆಲೆ ಜಾಸ್ತಿ ಎಂಬುದೊಂದೇ ಅಡ್ಡಿ. ಹುಡುಕುವಾಗ 'ಡೈರೆಕ್ಟ್' ಎಂಬ ಮಾತಿಗೆ ಮೋಸಹೋಗಬೇಡಿ. ಒಂದೇ ಫ್ಲೈಟ್ ನಂಬರ್ ಇದ್ದರೆ ನಡುವೆ ಇಳಿದು ಹೋಗುವುದನ್ನೂ ಡೈರೆಕ್ಟ್ ಅನ್ನುತ್ತಾರೆ. 'ನಾನ್‌ಸ್ಟಾಪ್' ಎಂದಿದ್ದರೆ ಮಾತ್ರ ಎಲ್ಲೂ ಇಳಿಯುವುದಿಲ್ಲ.

ಎರಡನೆಯದು ಡಬ್ಲಿನ್ ಮೂಲಕ, ಒಂದೇ ಟಿಕೆಟ್‌ನಲ್ಲಿ. ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಡಬ್ಲಿನ್ ಲಂಡನ್–ಷಿಕಾಗೋ ಮಹಾವೃತ್ತದ ಪಕ್ಕದಲ್ಲೇ ಇರುವುದರಿಂದ ದೂರ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಅಮೆರಿಕದ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ತಪಾಸಣೆಯನ್ನು ವಿಮಾನ ಹತ್ತುವ ಮೊದಲೇ ಮುಗಿಸುತ್ತಾರೆ. ಷಿಕಾಗೋದಲ್ಲಿ ದೇಶದೊಳಗಿನ ಪ್ರಯಾಣಿಕರಂತೆ ಬ್ಯಾಗ್ ತೆಗೆದುಕೊಂಡು ಹೊರಬರಬಹುದು. ಅಪಾಯ ಎಂದರೆ ಆ ತಪಾಸಣೆಯ ಸಾಲು ಈಗ ಡಬ್ಲಿನ್‌ನಲ್ಲಿರುತ್ತದೆ. ಅಲ್ಲಿ ಎರಡು ಗಂಟೆಗಿಂತ ಕಡಿಮೆ ಬಿಡುವು ಇರುವ ಟಿಕೆಟ್ ತೆಗೆದುಕೊಳ್ಳಬೇಡಿ.

ಮೂರನೆಯದು ನ್ಯೂಯಾರ್ಕ್ ಮೂಲಕವೇ, ಆದರೆ ಒಂದೇ ಟಿಕೆಟ್‌ನಲ್ಲಿ, ಜೆಎಫ್‌ಕೆಯಿಂದ ಜೆಎಫ್‌ಕೆಗೆ, ಕನಿಷ್ಠ ಮೂರು ಗಂಟೆ ಬಿಡುವಿನೊಂದಿಗೆ. ಒಂದೇ ಟಿಕೆಟ್ ಆದರೂ ಅಮೆರಿಕದಲ್ಲಿ ಮೊದಲು ಇಳಿದ ಕಡೆ ಬ್ಯಾಗ್ ತೆಗೆದು ಕಸ್ಟಮ್ಸ್ ದಾಟಿಸಿ ಮತ್ತೆ ಕೊಡುವುದು ಸಾಮಾನ್ಯವಾಗಿ ತಪ್ಪುವುದಿಲ್ಲ, ಆದರೆ ತಡವಾದರೆ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ಏರ್‌ಲೈನ್‌ನದು. ಇನ್ನೊಂದು ಲಾಭವೂ ಇದೆ, ಅದು ಮತ್ತೆ ದೂರದ ಲೆಕ್ಕಕ್ಕೇ ಬರುತ್ತದೆ. ಬ್ರಿಟನ್‌ನಿಂದ ಹೊರಡುವ ವಿಮಾನಗಳಿಗೆ ಅಲ್ಲಿನ ಪರಿಹಾರದ ನಿಯಮ ಅನ್ವಯಿಸುತ್ತದೆ. ಪರಿಹಾರದ ಮೊತ್ತ ನಿಂತಿರುವುದು ಮಹಾವೃತ್ತದ ದೂರದ ಮೇಲೆ, ವಿಮಾನ ಎಷ್ಟು ಸುತ್ತಿ ಹಾರಿತು ಎಂಬುದರ ಮೇಲಲ್ಲ. 3,500 ಕಿ.ಮೀ. ಮೀರಿದ ಪ್ರಯಾಣಕ್ಕೆ ಏರ್‌ಲೈನ್‌ನ ತಪ್ಪಿನಿಂದ ಮೂರು ಗಂಟೆ ತಡವಾದರೆ ತಲಾ 260 ಪೌಂಡ್, ನಾಲ್ಕು ಗಂಟೆ ಮೀರಿದರೆ 520 ಪೌಂಡ್. ಹವಾಮಾನ ಕಾರಣವಾದರೆ ಈ ಹಣವಿಲ್ಲ. ಒಂದೇ ಟಿಕೆಟ್ ಆದರೆ ತಡವನ್ನು ಕೊನೆಯ ಊರಾದ ಷಿಕಾಗೋದಲ್ಲಿ ಅಳೆಯುತ್ತಾರೆ. ಟಿಕೆಟ್ ಎರಡಾದರೆ ಜೆಎಫ್‌ಕೆಗೆ 40 ನಿಮಿಷ ತಡವಾಗಿ ಬಂದದ್ದಷ್ಟೇ ಲೆಕ್ಕ, ಷಿಕಾಗೋಗೆ ಮರುದಿನ ಮುಟ್ಟಿದ್ದು ಯಾರ ಕಡತಕ್ಕೂ ಬರುವುದಿಲ್ಲ.

ಎರಡು ಟಿಕೆಟ್‌ಗಳೇ ಬೇಕೆಂದಿದ್ದರೆ ಎರಡನೆಯದನ್ನೂ ಜೆಎಫ್‌ಕೆಯಿಂದಲೇ, ಐದಾರು ಗಂಟೆ ಅಂತರವಿಟ್ಟು, ಅದರ ನಂತರ ಅದೇ ದಿನ ಇನ್ನೊಂದಾದರೂ ವಿಮಾನ ಉಳಿದಿರುವಂತೆ ತೆಗೆದುಕೊಳ್ಳಿ. ಇಲ್ಲವೇ ರಾತ್ರಿ ನ್ಯೂಯಾರ್ಕ್‌ನಲ್ಲಿ ತಂಗಿ ಬೆಳಿಗ್ಗೆ ಹೊರಡಿ. ಹೋಟೆಲ್ ಖರ್ಚು ಸೇರಿಸಿದರೆ ಉಳಿತಾಯ ಎಲ್ಲಿ ಉಳಿಯಿತು ಎಂದು ನೀವು ಕೇಳಬಹುದು. ನನಗೂ ಕಾಣುತ್ತಿಲ್ಲ.

ಲಾಗಾರ್ಡಿಯಾ ಟಿಕೆಟ್ ಈಗಾಗಲೇ ಬುಕ್ ಮಾಡಿಬಿಟ್ಟಿದ್ದರೆ ಮೊದಲು ಬುಕ್ ಮಾಡಿದ ಗಂಟೆ ನೋಡಿ. ಪ್ರಯಾಣಕ್ಕೆ ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಇರುವಾಗ ಏರ್‌ಲೈನ್‌ನಿಂದಲೇ ನೇರವಾಗಿ ಕೊಂಡಿದ್ದರೆ, ಅಮೆರಿಕದ ನಿಯಮದಂತೆ ಸಾಮಾನ್ಯವಾಗಿ 24 ಗಂಟೆಯೊಳಗೆ ರದ್ದು ಮಾಡಿ ಪೂರ್ತಿ ಹಣ ವಾಪಸ್ ಪಡೆಯಬಹುದು. ಏಜೆಂಟ್ ಮೂಲಕ ಕೊಂಡಿದ್ದರೆ ಅವರ ಷರತ್ತನ್ನು ಈಗಲೇ ತೆರೆದು ಓದಿ.